ಈವಿಂಗ್ ಅಸ್ಥ್ಯರ್ಬುದವೂ ಧಾರವಾಡ ಸೀಮೆಯ ನಾಲ್ಕು ತಾಲೂಕುಗಳೂ

ವೈದ್ಯದ ಇತಿಹಾಸವನ್ನು ರಾಜ್ಯಗಳ ಎಲ್ಲೆಗಳಿಂದ ಬೇರ್ಪಡಿಸಿ ಬರೆಯುವ ಪದ್ಧತಿ ನಮಗೆ ಒಪ್ಪಿಗೆಯಲ್ಲ. ಮಕ್ಕಳನ್ನೂ ಹರೆಯದವರನ್ನೂ ಹೆಚ್ಚಾಗಿ ಹಿಡಿಯುವ ಅಪರೂಪದ ಅಸ್ಥ್ಯರ್ಬುದವೊಂದನ್ನು ಅಮೆರಿಕದ ಜೇಮ್ಸ್ ಈವಿಂಗ್ 1921ರಲ್ಲಿ ವರ್ಣಿಸಿದನು. ರೇಡಿಯಂ ಕಿರಣಕ್ಕೆ ಈ ಗಡ್ಡೆ ಕುಗ್ಗುವುದೆಂಬುದನ್ನೂ ಆತನೇ ಕಂಡನು. ಆದರೂ ಅಂಗಚ್ಛೇದನ, ಕಿರಣಚಿಕಿತ್ಸೆಗಳೆರಡೇ ಇದ್ದ ಕಾಲದಲ್ಲಿ ಐದು ವರ್ಷ ಬದುಕಿ ಉಳಿದವರು ನೂರಕ್ಕೆ ಹತ್ತು ಮಂದಿಯ ಆಚೀಚೆ. ಗಡ್ಡೆ ಅಳಿಯುವ ಮುನ್ನವೇ ರೋಗವು ಗುಪ್ತವಾಗಿ ಶ್ವಾಸಕೋಶವನ್ನು ಸೇರಿರುತ್ತಿತ್ತು.

ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರ ಭಾಗಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದುವು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯು, ಎಷ್ಟೇ ದೂರವಿದ್ದರೂ, ಈ ಸೀಮೆಯ ರಾಜಧಾನಿಯಲ್ಲಿತ್ತು. 1956ರಲ್ಲಿ ರಾಜಧಾನಿ ಬೆಂಗಳೂರಾಯಿತು. ಮರುವರ್ಷ ಹುಬ್ಬಳ್ಳಿಗೆ ವೈದ್ಯಕೀಯ ಕಾಲೇಜು ಬಂದಿತು ನಿಜ. ಆದರೆ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಹುಟ್ಟಿದುದು 1973ರಲ್ಲಿ. ವಿನ್‌ಕ್ರಿಸ್ಟಿನ್, ಸೈಕ್ಲೋಫಾಸ್ಫಮೈಡ್ ಮೊದಲಾದ ಔಷಧಗಳು ಈ ರೋಗದ ಗತಿಯನ್ನು ತಿರುಗಿಸತೊಡಗಿದುದು ಈ ಹದಿನೇಳು ವರ್ಷಗಳಲ್ಲಿಯೇ! ಏಕೀಕರಣವನ್ನು ಕೊಂಡಾಡುವ ಗ್ರಂಥಗಳಲ್ಲಿ ಈ ಲೆಕ್ಕ ಕಾಣದು.

ಇಂದು ಮೊದಲು ಔಷಧ, ಅನಂತರ ಕೈಕಾಲು ಉಳಿಸುವ ಶಸ್ತ್ರಕ್ರಿಯೆ ಅಥವಾ ಕಿರಣ, ಪುನಃ ಔಷಧ ಎಂಬುದು ಕ್ರಮ. ರೋಗ ಒಂದೇ ಎಡೆಯಲ್ಲಿರುವಾಗ ಬಂದವರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿ ಐದು ವರ್ಷ ದಾಟುವರು. ಹರಡಿದ ಮೇಲೆ ಬಂದವರಲ್ಲಿ ಸುಮಾರು ಮೂವತ್ತು. ಬಿದ್ದ ಪೆಟ್ಟೆಂದು ಬಾವಿಗೆ ಎಣ್ಣೆ ತಿಕ್ಕಿಸುತ್ತ ಕಳೆದ ತಿಂಗಳುಗಳ ಬೆಲೆ ಇಲ್ಲಿ ತಿಳಿಯುತ್ತದೆ.

ನಾಲ್ಕೂ ತಾಲೂಕುಗಳು 1997ರಿಂದ ಹಾವೇರಿ ಜಿಲ್ಲೆಯಲ್ಲಿವೆ. ಶಿಗ್ಗಾಂವಿ, ಸವಣೂರಿನವರಿಗೆ ಹುಬ್ಬಳ್ಳಿ ಸಮೀಪ, ಹಿರೇಕೆರೂರಿನವರಿಗೆ ಹಾಗಲ್ಲ. ಚಿಕಿತ್ಸೆಯಾದರೋ ಎಂಟು-ಹತ್ತು ತಿಂಗಳು ನಡೆಯುವುದರಿಂದ, ಆ ದಾರಿಯನ್ನು ಎರಡು-ಮೂರು ವಾರಕ್ಕೊಮ್ಮೆ ಕ್ರಮಿಸಬೇಕಾಗುತ್ತದೆ.