ಸಮ, ಯಾವ ಕೆಲಸಕ್ಕೆ? ಹೋಲಿಕೆಯ ಫಂಕ್ಷನ್ನಿನ ಚರಿತ್ರೆಯಲ್ಲಿ ಕುಮಟಾ, ಹೊನ್ನಾವರ, ಭಟ್ಕಳ

ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ‘ಇವೆರಡೂ ಒಂದೇನಾ’ ಎಂದು ಕೇಳುವ ಸಾರ್ವತ್ರಿಕ ಫಂಕ್ಷನ್ನಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಹೆನ್ರಿ ಬೇಕರ್ 1993ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಲೇಖನದ ಹತ್ತಿರ ಬಂದು ಲೇಖನಿ ಕೆಳಗಿಡುತ್ತಾರೆ. ಬೇಕರ್ ‘ಈಗಲ್’ ಎಂಬ ಹೋಲಿಕೆಯನ್ನು ಸೂಚಿಸಿದರು. ವಸ್ತು ಬದಲಾಗಬಲ್ಲದ್ದಾದರೆ ಅದು ಅದೇ ವಸ್ತುವೇ ಎಂದಷ್ಟೇ ನೋಡಬೇಕು. ಬದಲಾಗದ್ದಾದರೆ ಒಳಗಿನ ಘಟಕಗಳನ್ನು ಹೋಲಿಸಬೇಕು. ಕನ್ನಡ ಪಠ್ಯದ ವಿಷಯದಲ್ಲೂ ಇದೇ ಧಾಟಿಯ ತೀರ್ಪೊಂದು ಚಾಲ್ತಿಯಲ್ಲಿದೆ: ಯುನಿಕೋಡಿನ ನಾರ್ಮಲೈಸೇಶನ್ ಮಾಡಿ, ಅಂದರೆ ಸಮಾನ ರೂಪಗಳನ್ನು ಒಂದೇ ರೂಪಕ್ಕೆ ತನ್ನಿ, ಆಮೇಲೆ ಹೋಲಿಸಿ, ಮುಗಿಯಿತು. ಎರಡೂ ಆತುರದ ತೀರ್ಪುಗಳು. ಇದನ್ನು ತೋರಿಸಲು ಉತ್ತರ ಕನ್ನಡದ ಕರಾವಳಿಯ ಮೂರು ಊರುಗಳ ಹೆಸರೇ ಸಾಕು.

ಹೊನ್ನಾವರದಿಂದ ಶುರುಮಾಡೋಣ. ಈ ಪದವನ್ನು ಯುನಿಕೋಡಿನಲ್ಲಿ 8 ಸಂಕೇತಗಳಲ್ಲಿ ಬರೆಯಬಹುದು, 9ರಲ್ಲೂ ಬರೆಯಬಹುದು. ಮೊದಲ ಅಕ್ಷರದ ಒತ್ವವನ್ನು ಒಂದೇ ಚಿಹ್ನೆಯಾಗಿ ಕೊಟ್ಟರೆ 8. ಎತ್ವ ಮತ್ತು ಊತ್ವಗಳ ಚಿಹ್ನೆಗಳನ್ನು ಅಕ್ಕಪಕ್ಕ ಇಟ್ಟರೆ 9. ಯುಟಿಎಫ್-8ರಲ್ಲಿ ಮೊದಲನೆಯದು 24 ಬೈಟು, ಎರಡನೆಯದು 27. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಕಾಣುವುದಿಲ್ಲ. ಜಾವಾದ ಸ್ಟ್ರಿಂಗ್ ಹೋಲಿಕೆ ಇವೆರಡನ್ನೂ ಬೇರೆ ಎನ್ನುತ್ತದೆ, ಪೈಥಾನ್ ಕೂಡ ಹಾಗೆಯೇ. ಸ್ವಿಫ್ಟ್ ಮಾತ್ರ ಒಂದೇ ಎನ್ನುತ್ತದೆ. ‘ಇದು ಹಳೆಯ ಫಾಂಟಿನ ಕೊಳೆ, ತೊಳೆದರೆ ಹೋಗುತ್ತದೆ’ ಎಂಬ ವಿವರಣೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಅರ್ಧ ನಿಜ. ‘ನುಡಿ’ಯಂಥ ಹಳೆಯ ಫಾಂಟುಗಳ ಅಕ್ಷರವಿನ್ಯಾಸಗಳಲ್ಲಿ ‘ಹೊ’ ನಿಜಕ್ಕೂ ತುಂಡುತುಂಡಾಗಿಯೇ ಶೇಖರವಾಗುತ್ತಿತ್ತು. ಆ ತುಂಡುಗಳನ್ನು ಒಂದೊಂದಾಗಿ ಬದಲಿಸುವ ಪರಿವರ್ತಕ 9 ಸಂಕೇತಗಳ ರೂಪವನ್ನೇ ಕೊಡುತ್ತದೆ. ಆದರೆ ಅದು ಕೊಳೆಯಲ್ಲ. ಯುನಿಕೋಡ್ ತಾನೇ ಎರಡೂ ರೂಪಗಳನ್ನು ಸಮಾನವೆಂದು ವಿಧಿಸಿದೆ. ಒಂದನ್ನು ತಪ್ಪು ಎಂದು ಎಲ್ಲೂ ಹೇಳಿಲ್ಲ. (ಮಾನಕದ ಪಟ್ಟಿಯನ್ನು ತೆರೆದು ನೋಡದೆ ಮಾನಕದ ಹೆಸರಿನಲ್ಲಿ ಮಾತಾಡುವವರ ಬಗ್ಗೆ ಇಷ್ಟು ಸಾಕು.)

ನಾರ್ಮಲೈಸೇಶನ್ ಹೊನ್ನಾವರವನ್ನು ಗೆದ್ದಿತು ಎನ್ನೋಣ. ಆದರೆ ಅದೇ ‘ನ್ನ’ದಲ್ಲಿ ಒಂದು ತೊಡಕು ಉಳಿಯುತ್ತದೆ. ಮಧ್ಯಕಾಲದ ಶಾಸನಗಳನ್ನು ಓದುವವರಿಗೆ ‘ಹೊನ್ನು’ ಎಂಬುದನ್ನು ‘ಹೊಂನು’ ಎಂದು ಕೆತ್ತುವ ರೂಢಿ ಗೊತ್ತೇ ಇದೆ. ಒತ್ತಿನ ಬದಲು ಸೊನ್ನೆ. ಶಾಸನದ ಪಾಠ ಸಿದ್ಧಪಡಿಸುವ ಸಂಪಾದಕನಿಗೆ ಇವು ಎರಡು ರೂಪ, ಊರು ಹುಡುಕುವ ಓದುಗನಿಗೆ ಒಂದೇ. ನಾರ್ಮಲೈಸೇಶನ್ ಇದನ್ನು ಮುಟ್ಟುವುದೂ ಇಲ್ಲ, ಮುಟ್ಟಲೂ ಬಾರದು. ಭಟ್ಕಳದ್ದು ಇನ್ನೊಂದು ತೊಡಕು. ಟಕಾರಕ್ಕೆ ಒತ್ತು ಬೀಳದಂತೆ ತಡೆಯಲು ನಡುವೆ ಕಾಣದ ಸಂಕೇತವೊಂದನ್ನು ಸೇರಿಸಿ ‘ಭಟ್‌ಕಳ’ ಎಂದು ಬರೆದರೆ ನಾರ್ಮಲೈಸೇಶನ್ ಅದನ್ನು ಹಾಗೇ ಬಿಡುತ್ತದೆ. ಯುನಿಕೋಡಿನದೇ ಆದ ವಿಂಗಡಣೆಯ ನಿಯಮಾವಳಿ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದೇ ಸಂಸ್ಥೆ, ಎರಡು ನಿಯಮ, ಎರಡು ಉತ್ತರ. ಇದರಲ್ಲಿ ವಿರೋಧವೇನಿಲ್ಲ. ವಿಂಗಡಿಸುವ ಕೆಲಸ ಬೇರೆ, ಪಾಠ ಉಳಿಸುವ ಕೆಲಸ ಬೇರೆ.

ಯಾವ ಕೆಲಸಕ್ಕೆ ಸಮ ಎಂಬ ಈ ಪ್ರಶ್ನೆಯನ್ನು ಲಿಸ್ಪ್ ಭಾಷೆಯ ಪರಂಪರೆ ಎದುರಿಸಿತು, ಆದರೆ ಅರೆಮನಸ್ಸಿನಿಂದ. ಕಾಮನ್ ಲಿಸ್ಪಿನಲ್ಲಿ ಈಕ್ಯು, ಈಕ್ಯುಎಲ್, ಈಕ್ವಲ್, ಈಕ್ವಲ್‌ಪಿ ಎಂಬ ನಾಲ್ಕು ಮೆಟ್ಟಿಲುಗಳಿವೆ, ಕಟ್ಟುನಿಟ್ಟಿನಿಂದ ಸಡಿಲದ ಕಡೆಗೆ. ಕೊನೆಯದು 1 ಮತ್ತು 1.0 ಎರಡನ್ನೂ ಸಮ ಎನ್ನುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನೂ ಮರೆಯುತ್ತದೆ. ಕುಮಟಾದ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ ಅದರ ಔದಾರ್ಯ ಸಿಗುತ್ತದೆ, ಕನ್ನಡದಲ್ಲಿ ಬರೆದರೆ ಚೂರೂ ಸಿಗುವುದಿಲ್ಲ, ಏಕೆಂದರೆ ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲ. ‘ಸಾರ್ವತ್ರಿಕ’ ಎಂಬ ಹಣೆಪಟ್ಟಿಯ ಕೆಳಗೆ ಕೂತಿರುವುದು ಇಂಗ್ಲಿಷ್ ಪಠ್ಯದೊಡನೆ ಕೆಲಸ ಮಾಡುವವನೊಬ್ಬನ ಅನುಕೂಲ. ಕೆಂಟ್ ಪಿಟ್‌ಮನ್ ಲಿಸ್ಪಿನ ಸಮಾನತೆಯ ಬಗ್ಗೆ ಬರೆದ ಪ್ರಬಂಧ ಇದನ್ನೇ ಬೇರೆ ದಾರಿಯಿಂದ ಹೇಳಿತು: ವಸ್ತುವಿನ ಟೈಪ್ ನೋಡಿ ಅದನ್ನು ಬಳಸುವವನ ಉದ್ದೇಶ ತಿಳಿಯಲಾಗದು, ಆದ್ದರಿಂದ ಎಲ್ಲರಿಗೂ ಸಲ್ಲುವ ಒಂದೇ ಸಮಾನತೆ ಇರಲಾರದು. ಬೇಕರ್ ಅವರ ಲೇಖನ ಪಡೆದ ಮನ್ನಣೆಯಲ್ಲಿ ಕಾಲುಭಾಗವೂ ಇದಕ್ಕೆ ಸಿಗಲಿಲ್ಲ. ಬೇಕರ್ ಅವರ ವಾದ ಚೊಕ್ಕಟವಾಗಿದೆ ನಿಜ. ಆದರೆ ಲಿಸ್ಪಿನ ಸ್ಟ್ರಿಂಗ್ ಬದಲಾಗಬಲ್ಲ ವಸ್ತು. ಬೇರೆಬೇರೆಯಾಗಿ ಬರೆದ ಎರಡು ‘ಹೊನ್ನಾವರ’ಗಳು, ಸಂಕೇತ ಸಂಕೇತವೂ ಒಂದೇ ಆಗಿದ್ದರೂ, ಈಗಲ್ ಪ್ರಕಾರ ಬೇರೆಬೇರೆ. ಊರಹೆಸರಿನ ಸೂಚಿ ಮಾಡುವವನಿಗೆ ಇದರಿಂದ ಏನು ಪ್ರಯೋಜನ?

ಈಗ ಕುಮಟಾ. ಸರಕಾರಿ ಬರವಣಿಗೆಯಲ್ಲಿ ‘ಕುಮಟಾ’, ಹಲವರ ಬರಹದಲ್ಲಿ ‘ಕುಮಟ’. ಕೊನೆಯ ದೀರ್ಘವೊಂದೇ ವ್ಯತ್ಯಾಸ. ಯುನಿಕೋಡಿನ ಯಾವ ನಿಯಮವೂ ಇವನ್ನು ಒಂದಾಗಿಸುವುದಿಲ್ಲ. ಹಾಗೆಂದು ಅಕಾರ ಆಕಾರಗಳ ಭೇದವನ್ನೇ ತೆಗೆದರೆ ಬಲ, ಬಾಲ ಒಂದೇ ಆಗಿಬಿಡುತ್ತವೆ. ಸಡಿಲಿಸಬೇಕು, ಕೆಲಸ ಮುಗಿದ ಮೇಲೆ ಬಿಗಿಯಬೇಕು. ಇದಕ್ಕೊಂದು ಹಳೆಯ ಮಾದರಿಯಿದೆ, ಅದನ್ನು ನಮ್ಮ ಚರಿತ್ರಕಾರರು ಕಣ್ಣೆತ್ತಿಯೂ ನೋಡಿಲ್ಲ: ಪಾಣಿನಿಯ ಸಂಸ್ಕೃತ ವ್ಯಾಕರಣವಾದ ಅಷ್ಟಾಧ್ಯಾಯಿಯ ಕೊನೆಯ ಸೂತ್ರ.

ಆ ಸೂತ್ರದಲ್ಲಿ ಇರುವುದು ಎರಡು ಅಕಾರಗಳು, ಅಷ್ಟೆ. ಪಾಣಿನಿಯ 1.1.9ರ ಪ್ರಕಾರ ಉಚ್ಚಾರದ ಸ್ಥಾನ, ಪ್ರಯತ್ನ ಎರಡೂ ತುಲ್ಯವಾದ ವರ್ಣಗಳು ಪರಸ್ಪರ ಸವರ್ಣ. ಆದರೆ ಆಡುವ ಮಾತಿನಲ್ಲಿ ಹ್ರಸ್ವ ಅಕಾರ ಸಂವೃತ (ಮುಚ್ಚಿದ್ದು), ಆಕಾರ ವಿವೃತ (ತೆರೆದದ್ದು). ಪ್ರಯತ್ನ ಬೇರೆ, ಹಾಗಾಗಿ ಇವು ಸವರ್ಣವಲ್ಲ. ಸವರ್ಣವಲ್ಲದಿದ್ದರೆ ‘ದೇವ’ ಮತ್ತು ‘ಆಲಯ’ ಕೂಡಿ ‘ದೇವಾಲಯ’ ಆಗುವ ಸಂಧಿಯೇ ನಿಂತುಹೋಗುತ್ತದೆ. ಇದಕ್ಕೆ ಪರಿಹಾರವಾಗಿ ವ್ಯಾಕರಣದ ಉದ್ದಕ್ಕೂ ಅಕಾರವನ್ನು ವಿವೃತವೆಂದೇ ಹಿಡಿಯಲಾಗುತ್ತದೆ. ಕೊನೆಯ ಸೂತ್ರ, 8.4.68, ಅದನ್ನು ಮರಳಿ ಸಂವೃತ ಮಾಡುತ್ತದೆ. ವಾರ್ತಿಕಕಾರ ಕಾತ್ಯಾಯನ ಇದರ ಉದ್ದೇಶವನ್ನು ಬಾಯಿಬಿಟ್ಟು ಹೇಳಿದ್ದಾನೆ: ಅಕಾರವನ್ನು ವಿವೃತವಾಗಿ ಉಪದೇಶಿಸುವುದು ಆಕಾರವೂ ಅದರಲ್ಲಿ ಸೇರಲೆಂದು. ಸಮಾನತೆ ಇಲ್ಲಿ ಕಂಡುಕೊಂಡದ್ದಲ್ಲ, ಒಂದು ಕೆಲಸಕ್ಕಾಗಿ ಮಾಡಿಕೊಂಡದ್ದು.

ಈ ಸೂತ್ರವನ್ನು ಉಚ್ಚಾರಣೆಯ ಬಗೆಗಿನ ಒಂದು ಬಾಲ ಎಂದು ದಾಟಿಹೋಗುವವರಿದ್ದಾರೆ. ಅದು ಕೊನೆಯಲ್ಲೇ ಏಕಿದೆ ಎಂದು ಅವರು ಕೇಳಿಕೊಳ್ಳಬೇಕಿತ್ತು. 8.2.1ರಿಂದ ಮುಂದಿನ ಸೂತ್ರಗಳು ಹಿಂದಿನವುಗಳ ದೃಷ್ಟಿಯಲ್ಲಿ ಅಸಿದ್ಧ, ಅಂದರೆ ನಡೆದೇ ಇಲ್ಲವೆಂಬಂತೆ. ಆ ಭಾಗದೊಳಗೂ ಪ್ರತಿ ಸೂತ್ರ ತನಗಿಂತ ಹಿಂದಿನದಕ್ಕೆ ಅಸಿದ್ಧ. ಹಾಗಾಗಿ ಕಟ್ಟಕಡೆಯ ಸೂತ್ರ ಮಾಡುವ ಬದಲಾವಣೆ ಉಳಿದ ಯಾವ ಸೂತ್ರಕ್ಕೂ ಕಾಣುವುದಿಲ್ಲ. ಸಡಿಲ ಹೋಲಿಕೆ ಒಳಗೆ ಪೂರ್ತಿ ನಡೆಯುತ್ತದೆ, ಹೊರಗೆ ಬರುವ ಮಾತು ಮಾತ್ರ ನಿಜವಾದ ಉಚ್ಚಾರದಲ್ಲಿರುತ್ತದೆ. ಇದರ ಜೊತೆಗೆ 1.1.69 ಮತ್ತು 1.1.70 ಓದಬೇಕು. ಮೊದಲನೆಯದು ವರ್ಣವೊಂದು ತನ್ನ ಸವರ್ಣಗಳನ್ನೂ ಗ್ರಹಿಸುತ್ತದೆ ಎನ್ನುತ್ತದೆ. ಎರಡನೆಯದು ತಕಾರ ಹಚ್ಚಿದರೆ ಅದೇ ಮಾತ್ರೆಯವನ್ನಷ್ಟೇ. ತಕಾರವಿಲ್ಲದೆ ಹೋಲಿಸಿದರೆ ಕುಮಟ, ಕುಮಟಾ ಒಂದೇ, ಹಚ್ಚಿದರೆ ಬೇರೆ. ಯಾವ ಹೋಲಿಕೆ ಬೇಕೆಂಬುದು ಆಯಾ ಸೂತ್ರದಲ್ಲೇ ಬರೆದಿರುತ್ತದೆ. ಕಾಮನ್ ಲಿಸ್ಪಿನ ಹ್ಯಾಶ್ ಟೇಬಲ್ಲಿಗೂ ಹೋಲಿಕೆಯನ್ನು ಹೀಗೆ ಹೇಳಿಕೊಡಬಹುದು, ಆದರೆ ಮಾನಕದ ಪ್ರಕಾರ ಆ ನಾಲ್ಕರಲ್ಲೊಂದನ್ನು ಮಾತ್ರ.

ಪಾಣಿನಿಯೇ ಮೊದಲ ಪ್ರೋಗ್ರಾಮರ್ ಎಂಬ ಸಭಾಭಾಷಣಕ್ಕೂ ನನಗೂ ಸಂಬಂಧವಿಲ್ಲ. ಲಿಸ್ಪ್ ಕಟ್ಟಿದವರು ಸವರ್ಣಸಂಜ್ಞೆಯಿಂದ ಏನನ್ನಾದರೂ ಪಡೆದರೆಂದು ನಾನು ಹೇಳುತ್ತಿಲ್ಲ. 1967ರಲ್ಲಿ ಇಂಗರ್‌ಮನ್ ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯುವ ಬಾಕಸ್ ರೂಪಕ್ಕೆ ಪಾಣಿನಿಯ ಹೆಸರು ಸೇರಿಸಬೇಕೆಂದು ಪತ್ರ ಬರೆದ ಮೇಲೆ ಎಲ್ಲರ ಗಮನ ರೂಪನಿಷ್ಪತ್ತಿಯ ನಿಯಮಗಳ ಮೇಲೇ ನಿಂತಿತು, ಹೋಲಿಕೆಯ ಪ್ರಶ್ನೆ ಹಿಂದೆ ಬಿತ್ತು. ನನ್ನ ಆಕ್ಷೇಪ ಇಷ್ಟೇ.

ಅಕ್ಷರದಿಂದ ದಾಖಲೆಗೆ ಬಂದರೆ ತಪ್ಪಿನ ಬೆಲೆ ಏರುತ್ತದೆ. ಭಟ್ಕಳದ ಹೆಸರು ಭಟ್ಟಾಕಳಂಕನಿಂದ ಬಂತು ಎಂಬ ಐತಿಹ್ಯವನ್ನೇ ನೋಡಿ. ಸಂಸ್ಕೃತ ಸೂತ್ರಗಳಲ್ಲಿ ಕನ್ನಡದ ವ್ಯಾಕರಣ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕ ಇಂದಿನ ಭಟ್ಕಳ ತಾಲೂಕಿನ ಹಾಡುವಳ್ಳಿಯ ಜೈನ ಗುರುಪರಂಪರೆಯವನು, ಕೃತಿಯ ಕಾಲ 1604. ಬಾರ್ಬೋಸನಂಥ ಪೋರ್ಚುಗೀಸರು 16ನೆಯ ಶತಮಾನದ ಆರಂಭದಲ್ಲೇ ಈ ಬಂದರಿನ ಹೆಸರು ಬರೆದಿದ್ದಾರೆ. ಹಾಗಾದರೆ ಬೇರೆ ಭಟ್ಟಾಕಳಂಕ ಎನ್ನುತ್ತಾರೆ. ಎಂಟನೆಯ ಶತಮಾನದ ಮಹಾತಾರ್ಕಿಕ ಅಕಲಂಕನಿಗೂ ಭಟ್ಟಾಕಳಂಕನೆಂಬ ಹೆಸರುಂಟು. ಹಾಡುವಳ್ಳಿಯ ವೈಯಾಕರಣನ ಗುರುವಿನ ಹೆಸರೂ ಅಕಳಂಕದೇವ. ತಾರ್ಕಿಕನನ್ನೂ ವೈಯಾಕರಣನನ್ನೂ ಕಾಲ ಬಿಟ್ಟು ಹೆಸರಿನಿಂದ ಜೋಡಿಸುವುದು, ವೈಯಾಕರಣನನ್ನೂ ಊರನ್ನೂ ಮತ್ತೆ ಕಾಲ ಬಿಟ್ಟು ಸ್ಥಳದಿಂದ ಜೋಡಿಸುವುದು, ಆಮೇಲೆ ತಾರ್ಕಿಕನನ್ನು ಭಟ್ಕಳಕ್ಕೆ ತಂದು ಕೂರಿಸುವುದು! ಜಾವಾದ ನಿಯಮ ಹೋಲಿಕೆಗೆ ಟ್ರಾನ್ಸಿಟಿವಿಟಿ ಬೇಡುತ್ತದೆ: ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಸಮವಾದರೆ ಮೊದಲನೆಯದು ಮೂರನೆಯದಕ್ಕೂ ಸಮವಾಗಬೇಕು. ಜೋಶುವಾ ಬ್ಲಾಕ್ 2001ರ ತಮ್ಮ ಪುಸ್ತಕದಲ್ಲಿ ಬಣ್ಣದ ಬಿಂದು, ಬಣ್ಣವಿಲ್ಲದ ಬಿಂದುಗಳನ್ನು ಬೆರೆಸಿ ಹೋಲಿಸಿದರೆ ಈ ನಿಯಮ ಹೇಗೆ ಮುರಿಯುತ್ತದೆಂದು ತೋರಿಸಿದ್ದಾರೆ. ಕೆಂಪು ಬಿಂದು ಬರಿಯ ಬಿಂದುವಿಗೆ ಸಮ, ಬರಿಯ ಬಿಂದು ನೀಲಿಗೆ ಸಮ, ಕೆಂಪು ನೀಲಿಗೆ ಸಮವಲ್ಲ. ನಮ್ಮ ಸ್ಥಳಪುರಾಣದ ತರ್ಕ ಈ ದೋಷವನ್ನು ಒಪ್ಪಿಕೊಳ್ಳುವ ಬದಲು ಕೆಂಪು, ನೀಲಿ ಒಂದೇ ಎಂದುಬಿಡುತ್ತದೆ. (ಐತಿಹ್ಯವನ್ನು ಐತಿಹ್ಯವಾಗಿ ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೆ ಇಸವಿ ಹಚ್ಚುವವರ ಮೇಲಿದೆ.)

ಎರಡು ವಸ್ತುಗಳನ್ನಷ್ಟೇ ತೆಗೆದುಕೊಂಡು ಹೌದು ಅಲ್ಲ ಹೇಳುವ ಫಂಕ್ಷನ್ ಸಾರ್ವತ್ರಿಕವಲ್ಲ. ಯಾವ ಕೆಲಸಕ್ಕೆ ಎಂಬುದನ್ನು ಅದಕ್ಕೆ ಮೂರನೆಯ ಆರ್ಗ್ಯುಮೆಂಟ್ ಆಗಿ ಕೊಡಬೇಕು. ಕೊಡದೆ ಇದ್ದರೆ ಸಂಕೇತಕ್ಕೆ ಸಂಕೇತ ಹೋಲಿಸುವ ಕಟ್ಟುನಿಟ್ಟಿನ ಉತ್ತರವನ್ನಷ್ಟೇ ಅದು ಹೇಳಬೇಕು. ಜಿಲ್ಲೆಯ ಊರಹೆಸರು, ಶಾಸನಪಾಠ, ಗ್ರಂಥಕರ್ತರ ಸೂಚಿಗಳನ್ನು ಕಂಪ್ಯೂಟರಿಗೆ ಏರಿಸುವವರಲ್ಲಿ ಒಂದು ವಿನಂತಿ: ಹೋಲಿಕೆಗೆಂದು ಸಡಿಲಿಸಿದ ರೂಪವನ್ನು ಬೇರೆ ಅಂಕಣದಲ್ಲಿ ಇಡಿ, ಮೂಲದಲ್ಲಿ ‘ಹೊಂನು’ ಎಂದಿದ್ದರೆ ‘ಹೊಂನು’ ಎಂದೇ ಬಿಡಿ, ಭಟ್ಟಾಕಳಂಕರ ದಾಖಲೆಗಳನ್ನು ಕಾಲ ನಮೂದಿಸದೆ ಒಂದುಗೂಡಿಸಬೇಡಿ.