ಚೆರೋಕಿ ಊರಿಗೆ ಹೋದ ಪ್ರವಾಸಿಗೆ ಕಾಣುವುದೇನು?

ತಲೆ ಮೇಲೆ ಗರಿಗಳ ದೊಡ್ಡ ಕಿರೀಟ, ಪಕ್ಕದಲ್ಲಿ ಚರ್ಮದ ಡೇರೆ. 'ರೆಡ್ ಇಂಡಿಯನ್' ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಇದೇ. ಸಿನಿಮಾ ಕೊಟ್ಟ ಚಿತ್ರ ಅದು. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಗುಡ್ಡಗಳ ನಡುವೆ ಚೆರೋಕಿ ಅನ್ನುವ ಊರಿದೆ. ಅಲ್ಲಿಗೆ ಬರುತ್ತಿದ್ದ ಪ್ರವಾಸಿಗರೂ ಬಹಳ ಕಾಲ ಇದನ್ನೇ ಹುಡುಕುತ್ತಿದ್ದರು.

ಆದರೆ ಚೆರೋಕಿ ಜನ ಆ ಕಿರೀಟ ತೊಟ್ಟವರಲ್ಲ, ಡೇರೆಯಲ್ಲಿ ಬಾಳಿದವರೂ ಅಲ್ಲ. ಅದು ದೂರದ ಬಯಲುಸೀಮೆಯ ಬೇರೆ ಬುಡಕಟ್ಟುಗಳದು. ಚೆರೋಕಿಗಳು ಹೊಳೆ ಪಕ್ಕ ಊರು ಕಟ್ಟಿಕೊಂಡು ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆದ ರೈತರು. ಅವರಲ್ಲಿ ಏಳು ಕುಲಗಳಿವೆ. ಮಗುವಿಗೆ ಕುಲ ಬರುವುದು ತಾಯಿಯಿಂದ.

ಅವರಿಗೆ ಸ್ವಂತ ಲಿಪಿಯೂ ಇದೆ. ಯಾವ ಭಾಷೆಯನ್ನೂ ಓದಲು ಬಾರದಿದ್ದ ಸಿಕ್ವೋಯ ಎಂಬಾತ 1821ರ ಹೊತ್ತಿಗೆ ಅದನ್ನು ರೂಪಿಸಿದ. ಕ, ಕಿ, ಕು ಅಂತ ನಾವು ಬರೆಯುವಂತೆ, ಅಲ್ಲಿಯೂ ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ. 1828ರಲ್ಲಿ 'ಚೆರೋಕಿ ಫೀನಿಕ್ಸ್' ಎಂಬ ಪತ್ರಿಕೆ ಇದೇ ಲಿಪಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ ಅಚ್ಚಾಯಿತು.

ಓದು ಬರಹ, ಪತ್ರಿಕೆ, ಸ್ವಂತ ಸಂವಿಧಾನ ಎಲ್ಲ ಇದ್ದರೂ ನೆಲ ಉಳಿಯಲಿಲ್ಲ. ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಸಾಗಿಸುವ ಕಾನೂನು 1830ರಲ್ಲಿ ಬಂತು. 1832ರಲ್ಲಿ ಸುಪ್ರೀಂ ಕೋರ್ಟ್ ಚೆರೋಕಿಗಳ ಪರ ತೀರ್ಪು ಕೊಟ್ಟರೂ ಅದು ಕಾಗದದಲ್ಲೇ ಉಳಿಯಿತು. 1835ರಲ್ಲಿ ಒಂದು ಸಣ್ಣ ಗುಂಪು ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಮುಖ್ಯಸ್ಥ ಜಾನ್ ರಾಸ್ ಅದನ್ನು ಒಪ್ಪಲಿಲ್ಲ. ಆದರೂ 1838ರಲ್ಲಿ ಸೈನಿಕರು ಬಂದು ಜನರನ್ನು ಮನೆಗಳಿಂದ ಹೊರಗೆಳೆದರು. ಈಗಿನ ಒಕ್ಲಹೋಮಾಕ್ಕೆ ಹೊರಟವರು ಸುಮಾರು 16 ಸಾವಿರ ಜನ. ಶಿಬಿರಗಳಲ್ಲಿ, ದಾರಿಯಲ್ಲಿ ಚಳಿ, ಕಾಯಿಲೆಗೆ ಸುಮಾರು 4 ಸಾವಿರ ಮಂದಿ ಸತ್ತರೆಂದು ಅಂದಾಜು. ಇದನ್ನೇ 'ಕಣ್ಣೀರಿನ ಹಾದಿ' ಅನ್ನುತ್ತಾರೆ.

ಕೆಲವರು ಹೋಗಲಿಲ್ಲ. ಕೆಲವರು ಗುಡ್ಡದಲ್ಲಿ ಅಡಗಿದರು. ಇನ್ನು ಕೆಲವರು ಮೊದಲೇ ಚೆರೋಕಿ ಗಡಿಯ ಹೊರಗೆ ಇದ್ದವರು. ತಮ್ಮ ಹೆಸರಿಗೆ ಜಮೀನು ಮಾಡಿಸಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ. ಅವರ ನಡುವೆ ಬೆಳೆದ ವಿಲಿಯಂ ಹಾಲೆಂಡ್ ಥಾಮಸ್ ಎಂಬ ಬಿಳಿಯ ವ್ಯಾಪಾರಿ ತನ್ನ ಹೆಸರಿನಲ್ಲಿ ಅವರಿಗಾಗಿ ಜಮೀನು ಕೊಂಡ. ಇಂದಿನ ಕ್ವಾಲಾ ಬೌಂಡರಿಗೆ ಬುನಾದಿ ಅದೇ. ಸರ್ಕಾರ ದಯೆಯಿಂದ ಬಿಟ್ಟುಕೊಟ್ಟ ನೆಲ ಅದಲ್ಲ, ದುಡ್ಡು ಕೊಟ್ಟು ಕೊಂಡ ನೆಲ. ಚೆರೋಕಿ ಊರು ಇರುವುದು ಅಲ್ಲಿಯೇ.

1934ರಲ್ಲಿ ಪಕ್ಕದಲ್ಲೇ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನವಾಯಿತು. ಕಾರುಗಳು ಬಂದವು. ಪ್ರವಾಸಿಗರು ಸಿನಿಮಾದ ಇಂಡಿಯನ್ನನ್ನು ಕೇಳಿದರು. ಹೊಟ್ಟೆಪಾಡಿಗೆ ಕೆಲವರು ಗರಿಯ ಕಿರೀಟ ತೊಟ್ಟು ರಸ್ತೆ ಬದಿ ನಿಂತರು, ಫೋಟೋಕ್ಕೆ ಕಾಸು ಪಡೆದರು. ಅವರನ್ನು ದೂರುವುದು ಸುಲಭ. ಆದರೆ ಆ ವೇಷ ಕೇಳಿದ್ದು ಯಾರು ಅನ್ನುವುದನ್ನೂ ನಾವು ಕೇಳಬೇಕು.

ಅದೇ ಊರಿನಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. 1946ರಲ್ಲಿ ಕುಶಲಕರ್ಮಿಗಳು ತಮ್ಮದೇ ಸಹಕಾರ ಸಂಘ ಕಟ್ಟಿದರು. ಹೊಳೆ ದಂಡೆಯ ಬಿದಿರಿನಂಥ ಗಿಡ ಸೀಳಿ, ವಾಲ್‌ನಟ್ ಮುಂತಾದ ಗಿಡಗಳ ಬಣ್ಣ ಹಾಕಿ, ಎರಡು ಪದರವಾಗಿ ಹೆಣೆಯುವ ಬುಟ್ಟಿಗಳು ಅಲ್ಲಿ ಇಂದಿಗೂ ಸಿಗುತ್ತವೆ. ಬೆಲೆ ಜಾಸ್ತಿ, ಯಾಕೆಂದರೆ ಗಿಡ ಹುಡುಕುವುದರಿಂದ ಹೆಣೆಯುವವರೆಗೆ ಎಲ್ಲವೂ ಕೈಕೆಲಸ. 1952ರಲ್ಲಿ ತೆರೆದ ಓಕೊನಲಫ್ಟಿ ಹಳ್ಳಿಯಲ್ಲಿ 1760ರ ದಶಕದ ಬದುಕನ್ನು ತೋರಿಸುತ್ತಾರೆ: ಬೆಂಕಿಯಿಂದ ಸುಟ್ಟು ಕೊರೆಯುವ ಮರದ ದೋಣಿ, ಮಡಕೆ, ಏಳು ಮೂಲೆಯ ಸಭಾಮನೆ. ಶರತ್ಕಾಲದ ಜಾತ್ರೆಯಲ್ಲಿ ಎರಡೆರಡು ಕೋಲು ಹಿಡಿದು ಆಡುವ ಚೆಂಡಾಟವಿದೆ. ಅದಕ್ಕೆ ಅವರು 'ಯುದ್ಧದ ತಮ್ಮ' ಎನ್ನುತ್ತಾರೆ. ಆಟ ನೋಡಿದರೆ ಹೆಸರು ಸರಿ ಅನಿಸುತ್ತದೆ.

ಎಲ್ಲವೂ ಪ್ರವಾಸಿಗಲ್ಲ. ಕೆಲವು ಆಚರಣೆಗಳು ಮನೆಯವರಿಗೆ ಮಾತ್ರ. ಫೋಟೋ ತೆಗೆಯುವ ಮುನ್ನ ಕೇಳಬೇಕು. ಕುಣಿಯುವವರ ಉಡುಪನ್ನು ವೇಷ ಅನ್ನಬಾರದು.

ಚೆರೋಕಿಗಳು ತಮ್ಮ ತಾಯೂರು ಎಂದು ಕರೆಯುವುದು ಕಿಟುವಾ ಎಂಬ ಜಾಗವನ್ನು. ಅಲ್ಲೊಂದು ಮಣ್ಣಿನ ದಿಬ್ಬವಿದೆ. ಹಿಂದೆ ಅದರ ಮೇಲೆ ಪವಿತ್ರ ಅಗ್ನಿ ಉರಿಯುತ್ತಿತ್ತು. ಅದು ಬೇರೆಯವರ ಪಾಲಾಗಿ, ನೇಗಿಲು ಹರಿದು ಹರಿದು ದಿಬ್ಬ ತಗ್ಗಿತು. 1996ರಲ್ಲಿ ಬುಡಕಟ್ಟು ಸುಮಾರು 309 ಎಕರೆಯ ಆ ಜಾಗವನ್ನು ಕ್ರಯಕ್ಕೆ ಕೊಂಡಿತು. ಅವರದೇ ನೆಲಕ್ಕೆ ಮತ್ತೆ ದುಡ್ಡು ತೆತ್ತದ್ದು ಅದು ಮೊದಲ ಸಲವಲ್ಲ.

ನೆಲ ಕೊಳ್ಳಬಹುದು, ಭಾಷೆಯನ್ನು ಹಾಗೆ ಕೊಳ್ಳಲಾಗದು. ವಸತಿಶಾಲೆಗಳಲ್ಲಿ ಚೆರೋಕಿ ಮಾತಾಡಿದ ಮಕ್ಕಳಿಗೆ ಶಿಕ್ಷೆ ಸಿಗುತ್ತಿತ್ತು. ಅದರ ಫಲವಾಗಿ 2019ರಲ್ಲಿ ಮೂರು ಚೆರೋಕಿ ಸರ್ಕಾರಗಳು ಸೇರಿ ಭಾಷೆಗೆ ತುರ್ತುಪರಿಸ್ಥಿತಿ ಘೋಷಿಸಿದವು. ಈಗ ಎಳೆಯ ಮಕ್ಕಳಿಗೆ ಚೆರೋಕಿಯಲ್ಲೇ ಪಾಠ ಹೇಳುವ ಶಾಲೆ ಅಲ್ಲಿದೆ. ಊರಿನ ರಸ್ತೆ ಫಲಕಗಳಲ್ಲಿ ಸಿಕ್ವೋಯನ ಅಕ್ಷರಗಳಿವೆ. ಪ್ರವಾಸಿ ಗರಿಯ ಕಿರೀಟ ಹುಡುಕುವುದನ್ನು ಬಿಟ್ಟು ಆ ಫಲಕದ ಮುಂದೆ ಒಂದು ಗಳಿಗೆ ನಿಂತರೆ, ನಿಜವಾದ ಚೆರೋಕಿ ಅವನಿಗೆ ಕಾಣತೊಡಗುತ್ತದೆ.