ರಕ್ಕಸತಂಗಡಿಯಲ್ಲಿ ರಾಮರಾಯ ಗೆದ್ದಿದ್ದರೆ...

ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಅನ್ನಬಹುದಿತ್ತು! ಇತಿಹಾಸಕ್ಕೆ ‘ರೆ’ ಹಚ್ಚುವವರಿಗೆ ಹಿರಿಯರು ಹೇಳುವ ಮಾತು ಇದು. ಆದರೂ ಹಂಪಿ ನೋಡಿ ಬಂದ ಕನ್ನಡಿಗರಲ್ಲಿ ‘ಆ ಯುದ್ಧವೊಂದನ್ನು ಗೆದ್ದಿದ್ದರೆ...’ ಅಂತ ಒಮ್ಮೆಯೂ ಅಂದುಕೊಳ್ಳದವರು ಯಾರಿದ್ದಾರೆ ಹೇಳಿ?

1565ರ ಜನವರಿ. ಪಾಠದಲ್ಲಿ ನಾವೆಲ್ಲ ‘ತಾಳಿಕೋಟೆ ಯುದ್ಧ’ ಅಂತ ಓದಿದ್ದೇವೆ. ನಿಜಕ್ಕೂ ತಾಳಿಕೋಟೆ ಸುಲ್ತಾನರ ಸೈನ್ಯಗಳು ಬಂದು ಸೇರಿದ ಜಾಗ. ಒಂದು ಕಡೆ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್. ಇನ್ನೊಂದು ಕಡೆ ಮುದುಕ ರಾಮರಾಯ ಮತ್ತು ಅವನ ತಮ್ಮಂದಿರಾದ ತಿರುಮಲ, ವೆಂಕಟಾದ್ರಿ. ಮೊದಮೊದಲು ವಿಜಯನಗರದ್ದೇ ಮೇಲುಗೈ. ಆಮೇಲೆ ರಾಮರಾಯ ಸೆರೆಸಿಕ್ಕ, ಹುಸೇನ್ ನಿಜಾಮ್ ಶಾ ಅವನ ತಲೆ ಕಡಿಸಿದ. ಅಷ್ಟೇ, ಸೈನ್ಯ ದಿಕ್ಕಾಪಾಲಾಯಿತು.

ಗೆಲುವು ಅಸಾಧ್ಯವಾಗಿತ್ತೇ? ನನಗೆ ಹಾಗನ್ನಿಸುವುದಿಲ್ಲ. ಅದುವರೆಗೆ ರಾಮರಾಯ ಆಡಿದ್ದೇ ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುವ ಆಟ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ ಪಟ್ಟಕ್ಕೇರುವ ಮೊದಲು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. ಬಿಜಾಪುರದ ಅಲಿ ಆದಿಲ್ ಶಾನನ್ನು ರಾಮರಾಯನ ಹೆಂಡತಿ ಮಗ ಅಂತ ಕರೆದಿದ್ದಳಂತೆ. ಇಂಥವರು ಒಂದಾಗಬೇಕಾದರೆ ಅಹಮದ್‌ನಗರದ ಚಾಂದ್‌ಬೀಬಿಯನ್ನು ಬಿಜಾಪುರಕ್ಕೆ ಮದುವೆ ಮಾಡಿಕೊಡಬೇಕಾಯಿತು, ಸೊಲ್ಲಾಪುರದ ಕೋಟೆಯನ್ನೂ ಜೊತೆಗೆ ಕೊಡಬೇಕಾಯಿತು. ಆ ಒಗ್ಗಟ್ಟು ಗೆದ್ದ ಮೇಲೂ ಹೆಚ್ಚು ಕಾಲ ಬಾಳಲಿಲ್ಲ. ಸೋತಿದ್ದರೆ ಇನ್ನೂ ಬೇಗ ಮುರಿಯುತ್ತಿತ್ತು.

ಸರಿ, ಗೆದ್ದ ಅಂತಲೇ ಇಟ್ಟುಕೊಳ್ಳಿ. ಮುಂದೆ?

ಹಂಪಿ ಉಳಿಯುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಸಾಮ್ರಾಜ್ಯ? ಪಟ್ಟದಲ್ಲಿದ್ದ ಸದಾಶಿವರಾಯ ಹೆಸರಿಗಷ್ಟೇ ರಾಜ. ಅಧಿಕಾರವೆಲ್ಲ ಒಬ್ಬ ಮುದುಕನ ಕೈಯಲ್ಲಿ. ಅಚ್ಯುತರಾಯ ತೀರಿಕೊಂಡಾಗ, 1542ರಲ್ಲಿ, ಪಟ್ಟಕ್ಕಾಗಿ ರಕ್ತ ಹರಿದಿತ್ತು. ರಾಮರಾಯನ ನಂತರವೂ ಅದೇ ಕಥೆ ಆಗುತ್ತಿರಲಿಲ್ಲವೇ?

ಇನ್ನೊಂದು ಮಾತು, ಇದು ಮೈಸೂರು ಕಡೆಯವರಿಗೆ ಇಷ್ಟವಾಗಲಿಕ್ಕಿಲ್ಲ! ಹಂಪಿ ಗಟ್ಟಿಯಾಗಿದ್ದಿದ್ದರೆ 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯ ಕೈಯಿಂದ ಶ್ರೀರಂಗಪಟ್ಟಣವನ್ನು ತೆಗೆದುಕೊಳ್ಳಲು ಸಾಧ್ಯವಿತ್ತೇ? ಒಡೆಯರು ಪಾಳೆಯಗಾರರಾಗಿಯೇ ಉಳಿದು, ನವರಾತ್ರಿಗೆ ಕಪ್ಪ ಹೊತ್ತು ಹಂಪಿಗೆ ಹೋಗುತ್ತಿದ್ದರೇನೋ. ಮಹಾನವಮಿ ದಿಬ್ಬ ಖಾಲಿಯಾದದ್ದರಿಂದಲೇ ದಸರಾ ಶ್ರೀರಂಗಪಟ್ಟಣಕ್ಕೆ, ಆಮೇಲೆ ಮೈಸೂರಿಗೆ ಬಂತು. ಕೆಳದಿ ನಾಯಕರು ಸ್ವತಂತ್ರರಾಗಿ ಬೆಳೆದದ್ದೂ ಅದೇ ಖಾಲಿ ಜಾಗದಲ್ಲಿ. ಹಂಪಿಗಾಗಿ ಅಳುವ ನಾವು ಮೈಸೂರಿನ ಬಗ್ಗೆ ಹೆಮ್ಮೆಪಡುವಾಗ ಇದನ್ನು ಮರೆಯುತ್ತೇವೆ.

ಹಾಗಾಗಿ ನನ್ನ ‘ರೆ’ ಬೇರೆ. ರಣರಂಗದಿಂದ ತಪ್ಪಿಸಿಕೊಂಡು ಬಂದ ತಿರುಮಲ ಊರನ್ನು ಕಾಯಲು ನಿಲ್ಲಲಿಲ್ಲ. 550 ಆನೆಗಳ ಮೇಲೆ ಖಜಾನೆ ಹೇರಿಕೊಂಡು, ಸದಾಶಿವರಾಯನನ್ನೂ ಕರೆದುಕೊಂಡು ಪೆನುಕೊಂಡೆಗೆ ಹೊರಟುಹೋದ ಅಂತ ಸೆವೆಲ್ ಬರೆಯುತ್ತಾನೆ. ಸುತ್ತಲೂ ಬೆಟ್ಟ, ಒಂದು ಕಡೆ ತುಂಗಭದ್ರೆ, ಸುತ್ತಿನ ಮೇಲೆ ಸುತ್ತು ಕೋಟೆ... ಕಾಯುವವರೇ ಇಲ್ಲ! ತಿಂಗಳುಗಟ್ಟಲೆ ಲೂಟಿ ನಡೆಯಿತು. 1567ರಲ್ಲಿ ಬಂದ ಇಟಲಿಯ ವ್ಯಾಪಾರಿ ಫೆಡ್ರೀಚಿ ಕಂಡದ್ದೇನು ಗೊತ್ತೇ? ಮನೆಗಳು ಪೂರ್ತಿ ನಾಶವಾಗಿರಲಿಲ್ಲ, ನಿಂತೇ ಇದ್ದವು. ಆದರೆ ಒಳಗೆ ಜನರಿರಲಿಲ್ಲ, ಕಾಡುಪ್ರಾಣಿಗಳಿದ್ದವು. ತಿರುಮಲ ವಾಪಸ್ ಬಂದು ಜನರನ್ನು ಕರೆದರೂ ಊರು ಮತ್ತೆ ತುಂಬಲಿಲ್ಲ.

ಯುದ್ಧ ಸೋತದ್ದು ಒಂದೇ ದಿನದಲ್ಲಿ. ಊರು ಸತ್ತದ್ದು ಅದನ್ನು ಬಿಟ್ಟುಹೋದ ಮೇಲೆ. ರಾಮರಾಯ ಗೆಲ್ಲದಿದ್ದರೂ ಪರವಾಗಿಲ್ಲ, ತಿರುಮಲ ಒಂದಷ್ಟು ದಿನ ಕೋಟೆಯ ಬಾಗಿಲು ಹಾಕಿಕೊಂಡು ನಿಂತಿದ್ದರೆ?

ನಿಮ್ಮ ‘ರೆ’ ಯಾವುದು, ಹೇಳಿ.